ರಿಫ್‌ನ ಸ್ಕೇಲ್ ಕೊನೆಗೂ ಸಿಕ್ಕಿದ್ದು ಹೀಗೆ

ಮಾಟುಂಗದ ಗೆಳೆಯ ನುಡಿಸಿ ಕಳಿಸಿದ ಗಿಟಾರ್ ರಿಫ್ (ಮತ್ತೆ ಮತ್ತೆ ಬರುವ ಪುಟ್ಟ ಸ್ವರಗುಚ್ಛ) ಅದು. ಅದರ ಮೇಲೆ ಎ ಮೈನರ್ ಸ್ಕೇಲ್‌ನಲ್ಲಿ (ಸ್ಕೇಲ್ ಅಂದರೆ ಬಳಸುವ ಸ್ವರಗಳ ಗುಂಪು) ಲೀಡ್, ಅಂದರೆ ಮುಖ್ಯ ರಾಗದ ಸಾಲು ನುಡಿಸಿದರೆ ಬೇರೆಲ್ಲ ಸರಿ, ಜಿ ಸ್ವರ ಬಂದಾಗಲೆಲ್ಲ ಅಪಸ್ವರ.

ಸ್ಕೇಲ್ ಹುಡುಕುವ ಎರಡು ಆ್ಯಪ್ ಹಾಕಿ ನೋಡಿದೆ. ಒಂದು ಎ ಮೈನರ್ ಅಂತು, ಇನ್ನೊಂದು ಇ ಮೇಜರ್. ಎರಡಕ್ಕೂ ಮೇಜರ್, ಮೈನರ್ ಬಿಟ್ಟು ಮೂರನೆಯದು ಗೊತ್ತಿಲ್ಲ. ವೇಗ ಅರ್ಧಕ್ಕೆ ಇಳಿಸಿ ಕೇಳಿದರೂ ದಪ್ಪ ತಂತಿಯ ಇ ಯಾವುದು, ಎಫ್ ಯಾವುದು ಹಿಡಿಯಲಾಗಲಿಲ್ಲ.

ಕೆಲಸ ಆಗಿದ್ದು ಅಡಾಸಿಟಿ ಎಂಬ ಆಡಿಯೊ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ. ಒಂದೊಂದೇ ಸ್ವರ ಸೆಲೆಕ್ಟ್ ಮಾಡಿ ಅನಲೈಜ್ ಮೆನುವಿನಿಂದ ಪ್ಲಾಟ್ ಸ್ಪೆಕ್ಟ್ರಮ್ (ಯಾವ ಕಂಪನಾಂಕ ಎಷ್ಟು ಜೋರಾಗಿದೆ ಎಂದು ತೋರಿಸುವ ಗ್ರಾಫ್) ತೆರೆಯಬೇಕು. ಎಲ್ಲ ಇರುವುದು ಅದರ ಸೈಜ್ ಆಯ್ಕೆಯಲ್ಲಿ, ಅಂದರೆ ಒಮ್ಮೆಗೆ ಎಷ್ಟು ಸ್ಯಾಂಪಲ್ ಅಳೆಯಬೇಕು ಎಂಬುದರಲ್ಲಿ. 2048 ಇಟ್ಟರೆ, 44100 ಹರ್ಟ್ಜ್ ರೆಕಾರ್ಡಿಂಗ್‌ನಲ್ಲಿ ಗ್ರಾಫ್‌ನ ಒಂದೊಂದು ಮೆಟ್ಟಿಲು ಸುಮಾರು 21.5 ಹರ್ಟ್ಜ್. ಇ (82.4) ಮತ್ತು ಎಫ್ (87.3) ನಡುವಿನ ಅಂತರವೇ 5, ಹಾಗಾಗಿ ಎರಡೂ ಕಲೆಸಿಹೋಗುತ್ತವೆ. 16384 ಇಟ್ಟೆ, ಮೆಟ್ಟಿಲು 2.7ಕ್ಕೆ ಇಳಿದು ಎರಡೂ ಬೇರೆಯಾದವು. ಜೊತೆಗಿನ ಸೆಟ್ಟಿಂಗ್‌ಗಳು: ಫಂಕ್ಷನ್ ಹ್ಯಾನ್ ವಿಂಡೋ, ಆಕ್ಸಿಸ್ ಲಾಗ್ ಫ್ರೀಕ್ವೆನ್ಸಿ. ಸೆಲೆಕ್ಷನ್ 0.4 ಸೆಕೆಂಡಿಗಿಂತ ಕಡಿಮೆ ಬೇಡ, ಮೀಟಿದ ಕ್ಷಣದ ಟಕ್ ಸದ್ದು ಹೊರಗಿರಲಿ. ಕರ್ಸರ್ ಅನ್ನು ಎಡಗಡೆಯ ಮೊದಲ ಶಿಖರದ ಮೇಲೆ ತಂದರೆ ಸ್ವರದ ಹೆಸರೇ ಕಾಣುತ್ತದೆ. ಎಲ್ಲಕ್ಕಿಂತ ಎತ್ತರದ ಶಿಖರವನ್ನು ನಂಬಬೇಡಿ, ಎಷ್ಟೋ ಸಲ ಅದು ಹಾರ್ಮೋನಿಕ್ (ಮೂಲ ಕಂಪನಾಂಕದ ಎರಡು, ಮೂರು ಪಟ್ಟಿನಲ್ಲಿ ಬರುವ ಉಪಸ್ವರ) ಆಗಿರುತ್ತದೆ.

ಸಿಕ್ಕ ಸ್ವರಗಳು: ಇ, ಎಫ್, ಜಿ ಶಾರ್ಪ್, ಎ, ಬಿ, ಸಿ, ಡಿ. ರಿಫ್ ಪ್ರತಿ ಸಲ ಬಂದು ನಿಲ್ಲುವುದು ಇ ಮೇಲೆ, ಆದ್ದರಿಂದ ಷಡ್ಜ ಅದೇ. ಅಂದರೆ ಇ ಫ್ರಿಜಿಯನ್ ಡಾಮಿನೆಂಟ್ ಎಂಬ ಸ್ಕೇಲ್. ಕರ್ನಾಟಕ ಸಂಗೀತ ಕಲಿತವರಿಗೆ 14ನೇ ಮೇಳ ವಕುಳಾಭರಣ ಅಂದರೆ ಸಾಕು. ಲೀಡ್‌ನಲ್ಲಿ ಜಿ ತೆಗೆದು ಜಿ ಶಾರ್ಪ್ ಹಾಕಿದೆ, ಸರಿಯಾಗಿ ಕೂತಿತು.