ಜೇನಿನ ಬಾಟಲಿ ಫೋಟೋಗೆ ರಿಂಗ್ ಲೈಟ್ ಬೇಡ, ಬಿಳಿ ಪಂಚೆ ಸಾಕು

ಚಿಕ್ಕಮಗಳೂರು, ಮೂಡಿಗೆರೆ, ಕೊಪ್ಪದ ಕಡೆ ಮನೆಯಲ್ಲೇ ಕಾಫಿ ಪುಡಿ, ಜೇನು, ಉಪ್ಪಿನಕಾಯಿ ಮಾಡಿ ವಾಟ್ಸಾಪ್‌ನಲ್ಲಿ ಮಾರುವವರು ತುಂಬ ಜನ ಇದ್ದಾರೆ. ಮಾಲು ಚೆನ್ನಾಗಿರುತ್ತದೆ, ಫೋಟೋ ಕೈಕೊಡುತ್ತದೆ. ಪರಿಚಯದ ಅಕ್ಕ ಒಬ್ಬರು ಹೋದ ತಿಂಗಳು ರಿಂಗ್ ಲೈಟ್ (ಫೋನಿನ ಸುತ್ತ ಬಳೆಯ ಹಾಗೆ ಬರುವ ದುಂಡು ಲೈಟ್) ಹಾಕಿ ತೆಗೆದು ಕಳಿಸಿದ ಫೋಟೋದಲ್ಲಿ ಬಾಟಲಿ ಮೇಲೆ ಬಳೆ ಒತ್ತಿದ ಹಾಗೆ ದುಂಡನೆ ಬಿಳಿ ಗುರುತು, ಲೇಬಲ್ ಅರ್ಧ ಮಾಯ, ಒಳಗಿನ ಜೇನು ಡಾಂಬರಿನಷ್ಟು ಕಪ್ಪು. ‘ಇನ್ನೂ ದೊಡ್ಡ ಲೈಟ್ ತಗೋಬೇಕಾ?’ ಅಂತ ಕೇಳಿದರು. ಬೇಡ. ಇರುವ ಬೆಳಕನ್ನೇ ಅಗಲ ಮಾಡಬೇಕು, ಅಷ್ಟೇ.

ಸಾಮಾನು ಕಮ್ಮಿ. ಸ್ಟೇಷನರಿ ಅಂಗಡಿಯಲ್ಲಿ ಎರಡು ಥರ್ಮಾಕೋಲ್ ಶೀಟು, ಬಿಳಿ ಮತ್ತು ಕಪ್ಪು ಚಾರ್ಟ್ ಒಂದೊಂದು, ಟೇಪು. ಮನೆಯಲ್ಲಿರುವ ತೆಳು ಬಿಳಿ ಪಂಚೆ, ಬಟ್ಟೆ ಕ್ಲಿಪ್ಪು, ಪುಟ್ಟ ಕನ್ನಡಿ. ಪಂಚೆಯ ಬಣ್ಣದ ಅಂಚು ಒಳಗೆ ಮಡಚಿ, ಇಲ್ಲದಿದ್ದರೆ ಅದರ ಬಣ್ಣ ಮಾಲಿನ ಮೇಲೆ ಬೀಳುತ್ತದೆ.

ಮೊದಲು ಕೋಣೆಯ ಟ್ಯೂಬ್‌ಲೈಟ್, ಬಲ್ಬು ಎಲ್ಲ ಆರಿಸಿ. ಕಿಟಕಿ ಬೆಳಕು ತಣ್ಣನೆ ನೀಲಿ, ಬಲ್ಬು ಹಳದಿ. ಎರಡೂ ಸೇರಿದರೆ ಪ್ಯಾಕೆಟ್ಟಿನ ಒಂದು ಪಕ್ಕ ಒಂದು ಬಣ್ಣ, ಇನ್ನೊಂದು ಪಕ್ಕ ಇನ್ನೊಂದು. ಆಮೇಲೆ ಯಾವ ಆ್ಯಪ್‌ನಲ್ಲೂ ಅದು ಸುಲಭವಾಗಿ ಸರಿಹೋಗುವುದಿಲ್ಲ.

ಮೇಜನ್ನು ಕಿಟಕಿ ಪಕ್ಕಕ್ಕೆ ಎಳೆದು, ಬೆಳಕು ಎಡಗಡೆಯಿಂದಲೋ ಬಲಗಡೆಯಿಂದಲೋ ಬೀಳುವ ಹಾಗೆ ಇಡಿ. ಬಿಳಿ ಚಾರ್ಟನ್ನು ಗೋಡೆಗೆ ಅಂಟಿಸಿ, ಮಡಿಕೆ ಬೀಳದ ಹಾಗೆ ಬಳುಕಿಸಿ ಮೇಜಿನ ಮೇಲೆ ಇಳಿಬಿಡಿ. ಕಿಟಕಿಗೆ ಪಂಚೆ ಕಟ್ಟಿ. ಕಿಟಕಿಯ ಎದುರು ಪಕ್ಕದಲ್ಲಿ ಥರ್ಮಾಕೋಲ್ ನಿಲ್ಲಿಸಿ, ನೆರಳು ತಿಳಿಯಾಗುತ್ತದೆ. ಹಳೆ ಹಂಚಿನ ಮನೆಯಾದರೆ ಗಾಜಿನ ಹಂಚಿನ ಕೆಳಗೆ ಪಂಚೆ ಅಡ್ಡ ಕಟ್ಟಿದರೂ ನಡೆಯುತ್ತದೆ. ಉಪ್ಪಿನಕಾಯಿ ತಟ್ಟೆಗೆ ನನಗೆ ಕಿಟಕಿಗಿಂತ ಅದೇ ಇಷ್ಟ.

ಎಲ್ಲರೂ ಸೋಲುವುದು ಇದಾದ ಮೇಲೆ, ಹೊಳೆಯುವ ಮಾಲಿನ ಹತ್ತಿರ. ಕೇರಂ ಆಡಿದ್ದೀರಲ್ವಾ? ಸ್ಟ್ರೈಕರ್ ಯಾವ ಕೋನದಲ್ಲಿ ಅಂಚಿಗೆ ಬಡಿಯುತ್ತದೋ ಅದೇ ಕೋನದಲ್ಲಿ ಆಚೆಗೆ ಹೋಗುತ್ತದೆ. ಬೆಳಕೂ ಹಾಗೇ. ಪ್ಯಾಕೆಟ್ ಮೇಲೆ ಕಾಣುವ ಬಿಳಿ ಮಚ್ಚೆ ಅಂದರೆ ಅಲ್ಲಿ ಕಿಟಕಿಯೋ ಲೈಟೋ ಪ್ರತಿಬಿಂಬವಾಗಿ ಕೂತಿದೆ ಅಂತ ಅರ್ಥ. ರಿಂಗ್ ಲೈಟ್ ಫೋನಿನ ಸುತ್ತಲೇ ಇರುವುದರಿಂದ ನೇರ ಬಾಟಲಿಗೆ ಬಡಿದು ನೇರ ಫೋನಿಗೇ ವಾಪಸ್ ಬರುತ್ತದೆ. ಮುಖಕ್ಕೆ ಪರವಾಗಿಲ್ಲ, ಗಾಜಿಗೆ ಬೇಡವೇ ಬೇಡ.

ಹಾಗಾಗಿ ಹೀಗೆ ಮಾಡಿ. ಫೋನನ್ನು ಸ್ಟ್ಯಾಂಡಿಗೋ ಡಬ್ಬಿಗಳ ಮೇಲೋ ಅಲ್ಲಾಡದ ಹಾಗೆ ಕೂರಿಸಿ. ಪ್ಯಾಕೆಟ್ಟಿಗೆ ಕನ್ನಡಿಯನ್ನು ಚಪ್ಪಟೆಯಾಗಿ ಒತ್ತಿ ಹಿಡಿದು ಫೋನಿನ ಪರದೆಯಲ್ಲಿ ನೋಡಿ. ಕನ್ನಡಿಯಲ್ಲಿ ಏನು ಕಾಣುತ್ತದೋ ಪ್ಯಾಕೆಟ್ ಅದನ್ನೇ ಹೊಳೆಸುತ್ತದೆ. ಕಿಟಕಿ ಕಂಡರೆ ಪ್ಯಾಕೆಟ್ಟನ್ನು ಒಂದು ಬೆರಳಷ್ಟು ತಿರುಗಿಸಿ, ಮತ್ತೆ ನೋಡಿ, ಮತ್ತೆ ತಿರುಗಿಸಿ. ಕತ್ತಲೆ ಗೋಡೆ ಕಂಡ ಕಡೆ ಬಣ್ಣ ಗಟ್ಟಿಯಾಗಿ ಬರುತ್ತದೆ. ಅಂಚಿನಲ್ಲಿ ಥರ್ಮಾಕೋಲಿನ ಬಿಳಿ ತೆಳ್ಳಗೆ ಒಂದು ಗೆರೆಯಾಗಿ ಬಿದ್ದರೆ ಪ್ಯಾಕೆಟ್ಟಿನ ಉಬ್ಬು ಗೊತ್ತಾಗುತ್ತದೆ. ಈ ಒಂದು ಹಂತಕ್ಕೆ ಅರ್ಧ ಗಂಟೆ ಹೋದರೂ ಬೇಜಾರು ಮಾಡಿಕೊಳ್ಳಬೇಡಿ. ಅಂದಹಾಗೆ ಸುಕ್ಕಾದ ಪ್ಯಾಕೆಟ್ಟಿಗೆ ಯಾವ ಬೆಳಕೂ ಸಹಾಯ ಮಾಡುವುದಿಲ್ಲ, ಒಳಗೆ ರಟ್ಟು ಇಟ್ಟು ಬಿಗಿ ಮಾಡಿ.

ಜೇನಿನ ಕಥೆಯೇ ಬೇರೆ. ಬೆಳಕು ಅದರ ಹಿಂದಿನಿಂದ ಒಳಗೆ ಹಾಯ್ದು ಬಂದರೆ ಮಾತ್ರ ಬಣ್ಣ ಎದ್ದು ಕಾಣುತ್ತದೆ. ಬಿಳಿ ಚಾರ್ಟಿನ ತುಂಡನ್ನು ಬಾಟಲಿ ಆಕಾರಕ್ಕೆ, ಅದಕ್ಕಿಂತ ಸ್ವಲ್ಪ ಸಣ್ಣದಾಗಿ ಕತ್ತರಿಸಿ. ಹೊರಗೆ ಇಣುಕದ ಹಾಗೆ ಬಾಟಲಿಯ ಹಿಂದೆ, ಕಿಟಕಿ ಕಡೆಗೆ ಒಂಚೂರು ವಾಲಿಸಿ ನಿಲ್ಲಿಸಿ. ಕಿಟಕಿ ಬೆಳಕು ಅದಕ್ಕೆ ಬಡಿದು ಜೇನಿನೊಳಗೆ ನುಗ್ಗುತ್ತದೆ, ಡಾಂಬರಿನ ಹಾಗಿದ್ದದ್ದು ಕೆಂಪು ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಬಿಳಿ ಹಿನ್ನೆಲೆಯಲ್ಲಿ ಗಾಜಿನ ಅಂಚು ಕಳೆದುಹೋದರೆ, ಫೋಟೋದೊಳಗೆ ಬಾರದಷ್ಟು ದೂರದಲ್ಲಿ ಎರಡೂ ಪಕ್ಕ ಕಪ್ಪು ಚಾರ್ಟಿನ ಪಟ್ಟಿ ನಿಲ್ಲಿಸಿ, ಅಂಚು ಪೆನ್ಸಿಲ್‌ನಲ್ಲಿ ಬರೆದ ಹಾಗೆ ಬರುತ್ತದೆ. ಬಾಟಲಿಯನ್ನು ಬಟ್ಟೆಯಲ್ಲೇ ಹಿಡಿಯಿರಿ, ಬೆರಳಚ್ಚು ಒಂದೂ ಬಿಡದೆ ಕಾಣುತ್ತದೆ.

ಕಾಫಿ ಪುಡಿ ಫೋಟೋದಲ್ಲಿ ಬೂದಿ ಥರ ಕಂಡರೆ ತಪ್ಪು ಬೆಳಕಿನದಲ್ಲ. ಫೋನು ಕಪ್ಪನ್ನು ನೋಡಿ ‘ಕತ್ತಲೆ’ ಅಂದುಕೊಂಡು ತಾನೇ ಬೆಳಕು ಏರಿಸುತ್ತದೆ. ಪುಡಿಯ ಮೇಲೆ ಬೆರಳು ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಚೌಕಟ್ಟಿನ ತುಂಬ ಬಿಳಿ ವಸ್ತುವೇ ಇದ್ದರೆ ಫೋನು ಬೆಳಕು ಇಳಿಸಿಬಿಡುತ್ತದೆ, ಆಗ ಮೇಲಕ್ಕೆ ಎಳೆಯಿರಿ.

ಇನ್ನು ನಮ್ಮ ಮಳೆಗಾಲ. ಜುಲೈನಲ್ಲಿ ಮಂಜು ಕವಿದರೆ ಮಧ್ಯಾಹ್ನವೇ ಲೈಟ್ ಹಾಕಬೇಕು. ಆಗ ಒಂದೇ ಕಂಪನಿಯ, ಒಂದೇ ಬಣ್ಣದ ಎರಡು ಎಲ್ಇಡಿ ಬಲ್ಬು ತನ್ನಿ. ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ) 90 ಅಥವಾ ಜಾಸ್ತಿ ಅಂತ ಇದ್ದರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ತಗೊಳ್ಳಿ, ಕೆಂಪು ಮತ್ತು ಕಂದು ಬಣ್ಣ ಸಾಮಾನ್ಯವಾಗಿ ಇನ್ನಷ್ಟು ಸರಿಯಾಗಿ ಬರುತ್ತದೆ. ಮಡಚುವ ಸಣ್ಣ ಲೈಟ್ ಬಾಕ್ಸ್ ನಾನೂ ಒಂದು ತಂದಿದ್ದೆ. ಒಳಗಿನ ಪಟ್ಟಿ ಲೈಟಿಗೆ ಮೆಣಸಿನಕಾಯಿ ಕೂಡ ಬಿಳಿಚಿಕೊಂಡಿತು. ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ.

ಬಲ್ಬಿನ ಮುಂದೆ ಪಂಚೆ ಇಳಿಬಿಟ್ಟು, ಫೋಟೋದೊಳಗೆ ಕಾಣದ ಮಟ್ಟಿಗೆ ಪಂಚೆಯನ್ನು ಮಾಲಿನ ಹತ್ತಿರ ತನ್ನಿ. ಬಲ್ಬು ಪಂಚೆಗೆ ಅಂಟಿಕೊಂಡಿದ್ದರೆ ಮಧ್ಯದಲ್ಲಿ ಮಾತ್ರ ಬೆಳಗುತ್ತದೆ. ಎರಡು ಅಡಿ ಹಿಂದಕ್ಕೆ ಇಟ್ಟರೆ ಇಡೀ ಪಂಚೆ ಬೆಳಗುತ್ತದೆ, ಅದೇ ನಿಮ್ಮ ಕಿಟಕಿ. ಬೆಳಕು ಕಮ್ಮಿಯಾಗುತ್ತದೆ, ನಿಜ. ಬಲ್ಬಿನ ದೂರ ಎರಡರಷ್ಟಾದರೆ ಬೆಳಕು ಹೆಚ್ಚುಕಮ್ಮಿ ಕಾಲು ಭಾಗಕ್ಕೆ ಇಳಿಯುತ್ತದೆ. ಫೋನು ಅಲ್ಲಾಡದಿದ್ದರೆ ಅಷ್ಟು ಸಾಕು. ಹ್ಯಾಲೊಜನ್ ಮಾತ್ರ ಬೇಡ, ಕಾದು ಬಟ್ಟೆಗೆ ಬೆಂಕಿ ಹತ್ತಬಹುದು.

ಪರದೆಯಲ್ಲಿ ಅಡ್ಡ ಪಟ್ಟಿಗಳು ಓಡಿದರೆ ಫೋನ್ ಕೆಟ್ಟಿದೆ ಅಂತ ಹೆದರಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಪ್ರೊ ಮೋಡ್‌ನಲ್ಲಿ (ಎಲ್ಲ ನಾವೇ ಹೊಂದಿಸುವ ಕ್ಯಾಮೆರಾ ಆಯ್ಕೆ) ಶಟರ್, ಅಂದರೆ ಬೆಳಕು ಒಳಬಿಡುವ ಸಮಯ, 1/50 ಅಥವಾ 1/100 ಸೆಕೆಂಡ್ ಇಟ್ಟರೆ ಪಟ್ಟಿ ಹೋಗುತ್ತದೆ.

ಫೋಟೋ ಕಳಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಲೇಬಲ್ಲಿನ ಸಣ್ಣ ಅಕ್ಷರ ಮಸುಕಾಗುತ್ತದೆ.