ತಾಡೋಬಾದಲ್ಲಿ ಕೂತು ಕಂಡ ಹುಲಿ

ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಹುಲಿ ಕಾಡು ತಾಡೋಬಾಕ್ಕೆ ಮೂರು ಸಲ ಹೋಗಿ, ಹುಲಿ ಕಾಣದೆ ಬರಿಗೈಯಲ್ಲಿ ಬಂದವನು ನಾನು. "ಊರಲ್ಲೇ ಬಂಡೀಪುರ, ನಾಗರಹೊಳೆ ಇಟ್ಕೊಂಡು ಚಂದ್ರಪುರದಲ್ಲಿ ಯಾಕೋ ದುಡ್ಡು ಸುರೀತೀಯ?" ಅಂತ ಮುಂಬೈ ಹತ್ತಿರದ ಡೊಂಬಿವಲಿಯ ಕನ್ನಡ ಗೆಳೆಯರು ಕೇಳುತ್ತಲೇ ಇದ್ದರು. ನಾಲ್ಕನೇ ಸಲ ಎರಡೇ ಸಫಾರಿಯಲ್ಲಿ ಮೂರು ಹುಲಿ ನೋಡಿದೆ. ಅದೂ ಬಫರ್‌ನಲ್ಲಿ, ಅಂದರೆ ಕಾಡಿನ ಹೊರ ಅಂಚಿನಲ್ಲಿ!

ಮೊದಲೆಲ್ಲ ಕೆಟ್ಟಿದ್ದು ಓಡಾಟದಿಂದ. ಮೊಹರ್ಲಿ ಅಥವಾ ಕೋಲಾರಾ ಗೇಟಿನಿಂದ ಕೋರ್‌ಗೆ, ಅಂದರೆ ಒಳಗಿನ ಕಾಡಿಗೆ ಹೋಗೋದು, ಯಾರೋ ಕೈ ತೋರಿಸಿದ ಕಡೆಗೆ ಜಿಪ್ಸಿ (ಸಫಾರಿ ಜೀಪು) ಓಡಿಸೋದು. ಹೋಗಿ ನೋಡಿದರೆ ಹತ್ತು ಗಾಡಿ, ಬರೀ ಧೂಳು. ಮೂರು ಸಲಕ್ಕೂ ಸೇರಿ ನಲವತ್ತು ಸಾವಿರದ ಹತ್ತಿರ ಹೋಗಿರಬೇಕು. ಅದರಲ್ಲಿ ನಾಲ್ಕು ಸಾವಿರ, ಪರ್ಮಿಟ್ ಕೊಡಿಸ್ತೀನಿ ಅಂದ ಏಜೆಂಟನೊಬ್ಬ ನುಂಗಿದ್ದು. ಪರ್ಮಿಟ್ ನೀವೇ ಆನ್‌ಲೈನ್‌ನಲ್ಲಿ ತೆಗೆಯಿರಿ. ಮಂಗಳವಾರ ಕಾಡಿಗೆ ರಜೆ, ನೆನಪಿರಲಿ.

ನಾಲ್ಕನೇ ಸಲ ಹೋಗಿದ್ದು ಮೇ ತಿಂಗಳಲ್ಲಿ. ಕಲ್ಯಾಣದಲ್ಲಿ ಸೇವಾಗ್ರಾಮ್ ಎಕ್ಸ್‌ಪ್ರೆಸ್ ಹತ್ತಿ ನಾಗಪುರ, ಅಲ್ಲಿಂದ ಎಸ್‌ಟಿ ಬಸ್ಸು. ಬಿಸಿಲು 45 ಡಿಗ್ರಿ. ತಲೆಗೆ ಒದ್ದೆ ಟವೆಲ್, ಫ್ಲಾಸ್ಕ್‌ನಲ್ಲಿ ಮಜ್ಜಿಗೆ. ಜಿಪ್ಸಿಯನ್ನು ಆರು ಜನ ಹಂಚಿಕೊಂಡಿದ್ದಕ್ಕೆ ತಲೆಗೆ ಸಾವಿರದ ಆಸುಪಾಸು ಬಿತ್ತು.

"ಭಾವೂ, ಇವತ್ತು ಎಲ್ಲೂ ಸುತ್ತೋದು ಬೇಡ" ಅಂತ ಗೈಡ್‌ಗೆ ಗೇಟಲ್ಲೇ ಹೇಳಿದ್ದೆ. ಜತೆಗಿದ್ದವರ ಮುಖ ಸಣ್ಣಗಾಯಿತು. ಒಂದು ನೀರಿನ ಹೊಂಡದ ಹತ್ತಿರ ಎಂಜಿನ್ ಆಫ್ ಮಾಡಿಸಿ ಕೂತೆವು. ಒಂದು ಗಂಟೆ, ಒಂದೂವರೆ ಗಂಟೆ, ಏನೂ ಇಲ್ಲ. ಆಮೇಲೆ ಬಿದಿರಿನ ಹಿಂದೆ ಕಡವೆ ಕೂಗಿತು, ಹುಲಿ ಹತ್ತಿರ ಇದ್ದರೆ ಎಚ್ಚರಿಸೋ ಕೂಗು ಅದು. ಐದು ನಿಮಿಷದಲ್ಲಿ ಗಂಡು ಹುಲಿ ಬಂತು. ನಮ್ಮ ಕಡೆ ಮುಖ ಮಾಡಿ ಹಿಂದೆ ಹಿಂದೆ ಸರಿಯುತ್ತಾ ನೀರಿಗಿಳಿಯಿತು. ಮೊದಲು ಬಾಲ, ಆಮೇಲೆ ಸೊಂಟ. ಎದೆವರೆಗೆ ಮುಳುಗಿ ಕಣ್ಣು ಮುಚ್ಚಿತು. ಕಿವಿಯ ಮೇಲಿನ ನೊಣ ಕೂಡ ಕಾಣುತ್ತಿತ್ತು. ಮರುದಿನ ಬೆಳಗ್ಗೆ ಅಲ್ಲೇ ತಾಯಿ ಹುಲಿ, ಜತೆಗೆ ಬೆಳೆದ ಮರಿ.

ಹೊಂಡ ಯಾವುದು, ಗಾಡಿ ಯಾವ ಬದಿಗೆ ನಿಲ್ಲಿಸಿದ್ದು ಅಂತ ಮಾತ್ರ ಹೇಳಲ್ಲ. ಹುಡುಕೋಕೆ ನನಗೆ ಮೂರು ವರ್ಷ ಹಿಡಿದಿದೆ.

ಇನ್ನೊಂದು ವಿಷಯ. ಕೋರ್‌ನಲ್ಲಿ ಮೊಬೈಲ್ ಬಿಡಲ್ಲ ಅಲ್ವಾ, ಅಲ್ಲೇ ನೋಟ್‌ಬುಕ್ ಇಟ್ಟುಕೊಳ್ಳೋ ಅಭ್ಯಾಸವಾಯಿತು. ಯಾವ ಪ್ರಾಣಿ ಕೂಗಿತು, ಆಮೇಲೆ ಏನು ಬಂತು ಅಂತ ಬರೆಯುತ್ತೇನೆ. ಜಿಂಕೆ ಕೂಗಿದ್ದು ಹನ್ನೊಂದು ಸಲವೋ ಏನೋ, ಹುಲಿ ಬಂದು ನಿಜವಾಗಿದ್ದು ಎರಡೇ. ಕಡವೆ ನಾಲ್ಕು ಸಲ ಕೂಗಿ ಮೂರು ಸಲ ನಿಜವಾಯಿತು. ನಾನೀಗ ಕಡವೆಯನ್ನೇ ನಂಬುವುದು.

ಮಳೆಗಾಲದಲ್ಲಿ ಕೋರ್ ಮುಚ್ಚಿದರೂ ಬಫರ್ ತೆರೆದಿರುತ್ತದೆ. ಆಗ ಈ ಪಟ್ಟು ನಡೆಯಲ್ಲ, ಎಲ್ಲಾ ಕಡೆ ನೀರು. ಕೂರೋದಾದರೆ ಏಪ್ರಿಲ್, ಮೇ ತಿಂಗಳಲ್ಲೇ ಹೋಗಿ.