ಮಡಿಗೊಂದು ಪುಟ: ಒಂದು ಎಕರೆ ತರಕಾರಿಗೆ ಲೆಕ್ಕ ಇಟ್ಟ ಬಗೆ

ನಮ್ಮ ಮಣ್ಣಿನಲ್ಲಿ ಟೊಮೆಟೊ ಗುಂಟೆಗೆ ತಿಂಗಳಿಗೆ ಸುಮಾರು 260 ರೂಪಾಯಿ ಉಳಿಸುತ್ತದೆ, ದಂಟಿನ ಸೊಪ್ಪು 700ರ ಆಸುಪಾಸು. ಕೋಲಾರದ ಕಡೆ ಈ ಮಾತು ಆಡಿದರೆ ಒಪ್ಪುವವರು ಕಡಿಮೆ. ಮಡಿ ಮಡಿಗೂ ಲೆಕ್ಕ ಬರೆಯುವುದನ್ನು ನೋಡಿ ‘ಬರ್ಕೊಂಡ್ರೆ ರೇಟು ಬತ್ತದೇನಪ್ಪ?’ ಅಂತ ಕೇಳಿದವರೇ ಹೆಚ್ಚು. ರೇಟು ಬರುವುದಿಲ್ಲ, ನಿಜ. ಆದರೆ ಯಾವ ಜಾಗದಲ್ಲಿ ಯಾವ ತಿಂಗಳು ಏನು ಹಾಕಿದರೆ ಕೈಗೆ ಎಷ್ಟು ಉಳಿಯಿತು ಎಂಬುದು ಬರೆಯದೆ ತಿಳಿಯುವ ವಿಷಯವಲ್ಲ. ಈಗ ಅದೇ ಜನ ನಾಟಿಗೆ ಮುಂಚೆ ಪುಸ್ತಕ ನೋಡಲು ಬರುತ್ತಾರೆ. ಹಾಗಾಗಿ ಲೆಕ್ಕ ಇಡುವ ಕ್ರಮವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಮಡಿ (ಏರಿಸಿದ ಮಣ್ಣಿನ ಪಟ್ಟಿ), ಡ್ರಿಪ್ (ಹನಿ ನೀರಾವರಿ), ಪ್ರೋಟ್ರೇ (ಸಸಿ ಬೆಳೆಸುವ ಗುಳಿಗಳ ಟ್ರೇ) ಇವನ್ನೆಲ್ಲ ಬಲ್ಲವರಿಗಾಗಿ ಬರೆದದ್ದು, ಅವುಗಳ ಹೆಚ್ಚಿನ ವಿವರಣೆ ಇಲ್ಲಿಲ್ಲ.

ಮೊದಲು, ಯಾವ ಕ್ರಮಗಳು ನಿಲ್ಲುವುದಿಲ್ಲ ಎನ್ನುವುದು. ದಿನಚರಿಯಲ್ಲಿ ತಾರೀಖಿನ ಪ್ರಕಾರ ಬರೆದರೆ ಎಲ್ಲವೂ ದಾಖಲಾಗುತ್ತದೆ, ಬೇಕಾದಾಗ ಒಂದೂ ಸಿಗುವುದಿಲ್ಲ. ಒಂದು ಬದನೆ ಮಡಿಯ ಚರಿತ್ರೆ ಹುಡುಕಲು ಎಂಟು ತಿಂಗಳ ಹಾಳೆ ತಿರುವಬೇಕು. ಬೆಳೆಗೊಂದು ಪುಸ್ತಕ ಇಟ್ಟರೆ ಬೆಳೆಯ ಖರ್ಚು ಸಿಗುತ್ತದೆ, ಆದರೆ ಅದೇ ನೆಲದಲ್ಲಿ ಹಿಂದೆ ಏನಿತ್ತು, ಎಷ್ಟು ದಿನ ಖಾಲಿ ಬಿದ್ದಿತ್ತು ಎಂಬುದು ತಪ್ಪಿಹೋಗುತ್ತದೆ. ಮೊಬೈಲ್ ಆ್ಯಪ್‌ಗಳಲ್ಲಿ ಬೆಳೆಯ ಪಟ್ಟಿ ಮೊದಲೇ ತುಂಬಿರುತ್ತದೆ, ಅದರಲ್ಲಿ ಸಬ್ಬಸಿಗೆ ಇರುವುದಿಲ್ಲ. ಜೊತೆಗೆ ಮಣ್ಣು ಮೆತ್ತಿದ ಕೈಗೆ ಪರದೆ ಒಗ್ಗುವುದಿಲ್ಲ. ಎಕ್ಸೆಲ್ ಕೂಡಿ ಕಳೆಯಲು ಒಳ್ಳೆಯದು, ಆದರೆ ರಾತ್ರಿ ಕೂತು ತುಂಬುವಷ್ಟರಲ್ಲಿ ಅರ್ಧ ಸಂಗತಿ ಮರೆತಿರುತ್ತದೆ. ಬರೆಯುವ ಕೆಲಸ ಮಡಿಯ ಪಕ್ಕದಲ್ಲೇ ಮುಗಿಯಬೇಕು.

ಆದ್ದರಿಂದ ಲೆಕ್ಕದ ಘಟಕ ಬೆಳೆಯಲ್ಲ, ತಾರೀಖೂ ಅಲ್ಲ, ನೆಲ. ಒಂದು ಎಕರೆಯಲ್ಲಿ ಬೋರ್‌ವೆಲ್, ಶೆಡ್ಡು, ದಾರಿಗೆ ನಾಲ್ಕು ಗುಂಟೆ ಬಿಟ್ಟು ಉಳಿದ 36 ಗುಂಟೆಯನ್ನು 33 ಅಡಿಗೆ 33 ಅಡಿಯ ಚೌಕಗಳಾಗಿ ಕಟ್ಟಿದ್ದೇನೆ. 33ರ ಚೌಕ 1089 ಚದರಡಿ, ಸರಿಯಾಗಿ ಒಂದು ಗುಂಟೆ. ಅದರೊಳಗೆ ಮೂರಡಿ ಮಡಿ, ಒಂದಡಿ ಚಿಲ್ಲರೆ ಓಣಿ ಅಂತ ಎಂಟು ಮಡಿ ಕೂರುತ್ತವೆ. ಗುಂಟೆಗೆ 16 ಆಣೆಯ ಹಳೆಯ ಅಳತೆಯಲ್ಲಿ ಒಂದು ಮಡಿ ಎರಡು ಆಣೆ. ಹನ್ನೆರಡನೇ ಚೌಕದ ಐದನೇ ಮಡಿ ಅಂದರೆ 12/5, ಪಹಣಿಯಲ್ಲಿ ಸರ್ವೆ ನಂಬರಿನ ಪಕ್ಕ ಹಿಸ್ಸಾ ಬರೆದ ಹಾಗೆ. ಈ ನಂಬರು ಒಮ್ಮೆ ಕೊಟ್ಟರೆ ಮುಗಿಯಿತು. ಮಡಿಯನ್ನು ಕಿತ್ತು ಮತ್ತೆ ಏರಿಸಿದರೂ ಅದೇ ಗೆರೆಯಲ್ಲಿ ಏರಿಸಬೇಕು, ಇಲ್ಲದಿದ್ದರೆ ಹಳೆಯ ಲೆಕ್ಕವೆಲ್ಲ ಅನಾಥ. ಟ್ರ್ಯಾಕ್ಟರ್ ಹೊಡೆದ ಮೇಲೆ ಗೆರೆ ಸಿಗಲೆಂದು ಚೌಕದ ನಾಲ್ಕು ಮೂಲೆಗೂ ಕಲ್ಲು ಹೂತಿದ್ದೇನೆ, ಒಂದಡಿ ಆಳಕ್ಕೆ, ನೇಗಿಲಿಗೆ ತಾಗದಂತೆ.

ಗೂಟದ ಮೇಲೆ ಮಾರ್ಕರಿನಲ್ಲಿ ಬರೆದ ನಂಬರು ಎರಡು ಮೂರು ತಿಂಗಳ ಬಿಸಿಲಿಗೆ ಮಾಯ, ಡಬ್ಬಿಯ ಮೇಲೆ ‘ಪರ್ಮನೆಂಟ್’ ಅಂತ ಇದ್ದರೂ ಅಷ್ಟೆ. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ ಕತ್ತರಿಸಿ, ಮೊಳೆಯ ತುದಿಯಿಂದ ಒತ್ತಿ ಕೆತ್ತಿದ ತಗಡು ವರ್ಷಗಟ್ಟಲೆ ಉಳಿಯುತ್ತದೆ. ಪುಸ್ತಕಕ್ಕೂ ಪೆನ್ಸಿಲೇ. ಬಾಲ್‌ಪೆನ್ ಒದ್ದೆ ಹಾಳೆಯ ಮೇಲೆ ಓಡುವುದಿಲ್ಲ, ಇಂಕಿನದು ನೆಂದರೆ ಹರಡುತ್ತದೆ.

ಪುಸ್ತಕ ಎರಡು. ಜೇಬಿನಲ್ಲಿ ಸಣ್ಣದು, ಮನೆಯಲ್ಲಿ ಉದ್ದನೆಯ ರಿಜಿಸ್ಟರ್. ಸಣ್ಣದರಲ್ಲಿ ಒಂದು ಕೆಲಸಕ್ಕೆ ಒಂದೇ ಸಾಲು: ಮಡಿ ನಂಬರು, ತಾರೀಖು, ಮಳೆ ನಕ್ಷತ್ರ, ಕೆಲಸದ ಮೊದಲಕ್ಷರ, ತಳಿ ಅಥವಾ ಪ್ರಮಾಣ, ಆಳು. ‘12/5, ಮೇ 16, ಕೃತ್ತಿಕೆ, ಬಿ, ಅರ್ಕ ನಿಶಾಂತ್ ಮೂಲಂಗಿ, ಕಾಲು ಆಳು.’ ಬಿ ಬಿತ್ತನೆ, ನಾ ನಾಟಿ, ಗೊ ಗೊಬ್ಬರ, ಸಿ ಸಿಂಪಡಣೆ, ಕೊ ಕೊಯ್ಲು, ಖಾ ಖಾಲಿ. ಇದಕ್ಕಿಂತ ಹೆಚ್ಚು ಬರೆಯಲು ಹೊರಟರೆ ಕೊಯ್ಲಿನ ವಾರದಲ್ಲಿ ಬರೆಯುವುದೇ ನಿಂತುಹೋಗುತ್ತದೆ. ಶನಿವಾರ ಸಂಜೆ ಅರ್ಧ ಗಂಟೆ ಕೂತು ಇದನ್ನು ರಿಜಿಸ್ಟರಿಗೆ ಏರಿಸುವುದು. ಅಲ್ಲಿ ಪ್ರತಿ ಮಡಿಗೂ ಅದರದೇ ಪುಟ. ಎಂಟು ಮಡಿಯಲ್ಲೂ ಒಂದೇ ಬೆಳೆಯಿದ್ದರೆ ಚೌಕಕ್ಕೆ ಒಂದು ಪುಟ ಸಾಕು, ಬೇರೆಯಾದಾಗ ಮಾತ್ರ ಒಡೆಯುತ್ತೇನೆ.

ನಕ್ಷತ್ರ ಬರೆಯುವುದು ಶಾಸ್ತ್ರಕ್ಕಲ್ಲ. ಮಳೆ ನಕ್ಷತ್ರಗಳು ಸೂರ್ಯನ ನಡೆಗೆ ಕಟ್ಟಿದವು, ಒಂದೊಂದೂ ಹದಿಮೂರು ಹದಿನಾಲ್ಕು ದಿನ, ವರ್ಷ ವರ್ಷವೂ ಒಂದು ದಿನ ಆಚೀಚೆ ಅದೇ ತಾರೀಖಿಗೆ ಬರುತ್ತವೆ. ವರ್ಷವನ್ನು ಎರಡೆರಡು ವಾರದ ಚೂರುಗಳಾಗಿ ಕತ್ತರಿಸಿ ಹೋಲಿಸಲು ಇದಕ್ಕಿಂತ ಒಳ್ಳೆಯ ಪಟ್ಟಿ ಸಿಗಲಿಲ್ಲ. ಹಿರಿಯರ ಅನುಭವವೂ ಇದೇ ಲೆಕ್ಕದಲ್ಲಿರುವುದರಿಂದ ಪಕ್ಕದಲ್ಲೇ ಇಟ್ಟು ನೋಡಬಹುದು. ಹುಬ್ಬೆಯಲ್ಲಿ, ಅಂದರೆ ಸೆಪ್ಟೆಂಬರ್ ಮೊದಲ ಪಕ್ಷದಲ್ಲಿ ನೆಟ್ಟ ಟೊಮೆಟೊ ಕಾಯಿ ಕಟ್ಟಿ ತೂಗುವಾಗ ಸ್ವಾತಿ, ವಿಶಾಖ ಬರುತ್ತವೆ. ಹಿಂಗಾರಿನ ಜಿಟಿಜಿಟಿ, ಮೋಡ, ತಂಪು ಮೂರೂ ಸೇರಿದಾಗ ಅಂಗಮಾರಿ ರೋಗ ಬೆಳೆಯನ್ನು ಎಳೆದುಕೊಂಡು ಹೋಗುತ್ತದೆ. ಪುಟ ತಿರುವಿದರೆ ಹುಬ್ಬೆ ನಾಟಿಯ ಸಾಲುಗಳಲ್ಲೇ ಶಿಲೀಂಧ್ರನಾಶಕದ ಖರ್ಚು ಬೇರೆ ನಾಟಿಗಳ ಎರಡರಷ್ಟು.

ಈಗ ದುಡ್ಡು. ಎಲ್ಲರೂ ಎಕರೆಗೆ ಎಷ್ಟು ಬಂತು ಎಂದು ಹೇಳುತ್ತಾರೆ. ಎಷ್ಟು ತಿಂಗಳಿಗೆ ಎಂದು ಹೇಳುವುದಿಲ್ಲ. ನನ್ನ ಅಳತೆಗೋಲು ಗುಂಟೆ-ತಿಂಗಳು. ಒಂದು ಗುಂಟೆ ಒಂದು ತಿಂಗಳು ಆ ಬೆಳೆಗೆ ಸಿಕ್ಕಿಬಿದ್ದರೆ ಕೈಗೆ ಉಳಿದದ್ದೆಷ್ಟು? ಟೊಮೆಟೊ ಗುಂಟೆಗೆ 15 ಕೆ.ಜಿ.ಯ ನಲವತ್ತು ನಲವತ್ತೈದು ಬಾಕ್ಸ್, ಮಾಮೂಲಿ ವರ್ಷದ ಸರಾಸರಿ ಬಾಕ್ಸಿಗೆ 150 ರೂಪಾಯಿ, ಒಟ್ಟು 6,500. ಸಸಿ, ನೀಲಗಿರಿ ಕೋಲು, ದಾರ, ಗೊಬ್ಬರ, ಔಷಧಿ, ಕೂಲಿ, ಗಾಡಿ ಬಾಡಿಗೆ, ಮಂಡಿ ಕಮಿಷನ್ ಎಲ್ಲ ಸೇರಿ 5,200 ಹೋಗುತ್ತದೆ. ಉಳಿದ 1,300ನ್ನು ನಾಟಿಯಿಂದ ಕಡ್ಡಿ ಕೀಳುವವರೆಗಿನ ಐದು ತಿಂಗಳಿಗೆ ಹಂಚಿದರೆ 260. ದಂಟು ಒಂದು ಗುಂಟೆಗೆ ನಾನೂರು ಕಟ್ಟು, ಕಟ್ಟಿಗೆ ಮೂರೂವರೆ ಸಿಕ್ಕರೂ 1,400, ಖರ್ಚು 600, ಮಣ್ಣು ಹದಮಾಡುವುದೂ ಸೇರಿ ಮೂವತ್ತೈದು ದಿನಕ್ಕೆ ನೆಲ ಖಾಲಿ, ಅಂದರೆ ತಿಂಗಳಿಗೆ 700ರ ಆಸುಪಾಸು. ಮೂಲಂಗಿ 650ರ ಹತ್ತಿರ, ಅರ್ಕ ಕೋಮಲ್ ಹುರುಳಿಕಾಯಿ 550.

ಇದರಿಂದ ಇನ್ನೊಂದು ಖರ್ಚನ್ನು ಕಳೆಯಬೇಕು. ಮೋಟಾರು ರಿಪೇರಿ, ಲೇಟರಲ್ (ಮಡಿಗೆ ಹಾಸಿದ ಡ್ರಿಪ್ ಪೈಪು) ಬದಲಾವಣೆ, ಟ್ರ್ಯಾಕ್ಟರು, ಬೇಲಿ, ಮಣ್ಣು ಪರೀಕ್ಷೆ ಇವು ಯಾವ ಬೆಳೆಯ ಖರ್ಚೂ ಅಲ್ಲ, ಎಲ್ಲ ಬೆಳೆಯ ಖರ್ಚೂ ಹೌದು. ವರ್ಷಕ್ಕೆ ಸುಮಾರು 65,000. 36 ಗುಂಟೆ, 12 ತಿಂಗಳು ಅಂದರೆ 432 ಗುಂಟೆ-ತಿಂಗಳು. ಹಂಚಿದರೆ ತಲಾ 150. ಈ 150 ದಾಟದ ಬೆಳೆ ನೆಲದ ಬಾಡಿಗೆಯನ್ನೂ ಕಟ್ಟುತ್ತಿಲ್ಲ. ಟೊಮೆಟೊ ದಾಟುತ್ತದೆ, ಆದರೆ ಉಳಿಯುವುದು 110 ರೂಪಾಯಿ. ಮನೆಯವರ ಕೆಲಸಕ್ಕೂ ಪೇಟೆ ದರದಲ್ಲೇ ಕೂಲಿ ಹಾಕಬೇಕು, ಹೆಂಗಸರಿಗೆ 350–400, ಗಂಡಸರಿಗೆ 500–600. ಅದನ್ನು ಬಿಟ್ಟು ಬರೆದ ಲೆಕ್ಕದಲ್ಲಿ ಎಲ್ಲ ಬೆಳೆಯೂ ಲಾಭವೇ. ಸೊಪ್ಪು ಬೆಳೆಯುವವರಿಗೆ ಇದು ಇನ್ನೂ ಮುಖ್ಯ, ಕಟ್ಟು ಕಟ್ಟುವ ಕೂಲಿಯೇ ಖರ್ಚಿನ ಅರ್ಧದ ಮೇಲಿರುತ್ತದೆ.

ಹಾಗಂತ ಟೊಮೆಟೊ ಬಿಟ್ಟಿಲ್ಲ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ದಾಟಿದ್ದು ಯಾರೂ ಮರೆತಿಲ್ಲ. ಅಂಥ ವರ್ಷವನ್ನು ಸರಾಸರಿಗೆ ಸೇರಿಸಿದರೆ ಟೊಮೆಟೊ ಚಿನ್ನದ ಬೆಳೆಯಂತೆ ಕಾಣುತ್ತದೆ; 2021ರ ನವೆಂಬರಿನ ಜಡಿಮಳೆಯನ್ನು ಮಾತ್ರ ನೋಡಿದರೆ ವಿಷದಂತೆ. ಇಂಥ ಪುಟಗಳಿಗೆ ಕೆಂಪು ಗೆರೆ ಎಳೆದು ಸರಾಸರಿಯ ಹೊರಗಿಟ್ಟಿದ್ದೇನೆ. ಆರು ಗುಂಟೆ ಟೊಮೆಟೊ ಸದಾ ಇರುತ್ತದೆ, ಎರಡೆರಡು ಗುಂಟೆಯಂತೆ ಮೂರು ಕಂತಿನ ನಾಟಿ. ರೇಟು ಬಂದ ದಿನ ಒಂದು ಕಂತಾದರೂ ಕೊಯ್ಲಿನಲ್ಲಿರಬೇಕು. ಉಳಿದ ನೆಲ ಸೊಪ್ಪು, ಗಡ್ಡೆ, ಕಾಳುಕಾಯಿಗೆ. ಮೂವತ್ತು ಗುಂಟೆಗೂ ದಂಟೇ ಹಾಕೋಣ ಎಂದರೆ ಆಗದು. ನಮ್ಮ ಸುತ್ತಿನ ಸಂತೆ ಒಂದು ದಿನಕ್ಕೆ ಎಷ್ಟು ಕಟ್ಟು ಹೀರುತ್ತದೆ ಎಂಬುದೂ ಪುಸ್ತಕದಲ್ಲಿದೆ, ಅದನ್ನು ಮೀರಿದ ದಿನ ಕಟ್ಟು ಒಂದೂವರೆಗೆ ಇಳಿದಿದೆ.

ಮಂಡಿ ಚೀಟಿ ಅಂಟಿಸಿಟ್ಟರೆ ಸಾಲದು. ಮಿಷಿನ್ ಚೀಟಿಯ ಅಕ್ಷರ ಕೆಲವೇ ತಿಂಗಳಿಗೆ ಬೆಳ್ಳಗಾಗುತ್ತದೆ, ಅಂಕಿಯನ್ನು ಅದೇ ವಾರ ಪೆನ್ಸಿಲಿನಲ್ಲಿ ಇಳಿಸಿಕೊಳ್ಳಬೇಕು. ತೂಕ ನಮ್ಮ ತಕ್ಕಡಿಯದೇ ಬೇರೆ, ಮಂಡಿಯದೇ ಬೇರೆ, ಎರಡೂ ಬರೆಯಿರಿ. ಖಾಲಿ ಬಾಕ್ಸು ಒಂದೂವರೆಯಿಂದ ಎರಡು ಕಿಲೊ, ಅದನ್ನು ಕಳೆದಿದ್ದಾರೋ ಇಲ್ಲವೋ ಹೋಲಿಸಿದರೆ ಗೊತ್ತಾಗುತ್ತದೆ. ಒಂದು ಮಂಡಿಯಲ್ಲಿ ಪ್ರತಿ ಬಾಕ್ಸಿಗೂ ಮುಕ್ಕಾಲು ಕಿಲೊ ಹೋಗುತ್ತಿದ್ದದ್ದು ಹೀಗೇ ಬಯಲಾಯಿತು. ಎರಡನೇ ದರ್ಜೆಯ ಕಾಯಿಗೆ ಬೇರೆ ಸಾಲು.

ಲೆಕ್ಕದಿಂದ ಬಂದ ದೊಡ್ಡ ಲಾಭ ಮಾತ್ರ ಯಾವ ಬೆಳೆಯದೂ ಅಲ್ಲ, ಖಾಲಿ ದಿನಗಳದು. ಒಂದು ಬೆಳೆ ಕಿತ್ತು ಇನ್ನೊಂದು ಇಡುವವರೆಗೆ ಮಡಿ ಸುಮ್ಮನೆ ಬಿದ್ದಿರುವ ದಿನಗಳನ್ನು ಕೂಡಿದರೆ ವರ್ಷಕ್ಕೆ ಮಡಿಗೆ ಅರವತ್ತು ಎಪ್ಪತ್ತು ದಿನ. ಗೋಡೆಗೆ 52 ವಾರ, 36 ಚೌಕದ ಹಾಳೆ ಅಂಟಿಸಿ ಬಣ್ಣದ ಪೆನ್ಸಿಲಿನಲ್ಲಿ ತುಂಬಿದರೆ ಬಿಳಿ ಉಳಿದದ್ದು ಕಣ್ಣಿಗೆ ಹೊಡೆಯುತ್ತದೆ. ಕೊಯ್ಲಿನ ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ ಟ್ರೇಯಲ್ಲಿ ಸಸಿ ಬಿಡುವುದು, ಗೊಬ್ಬರ ಮೊದಲೇ ಚೌಕದ ತಲೆಗೆ ತಂದು ಹಾಕುವುದು, ಇಷ್ಟರಿಂದ ಖಾಲಿ ದಿನ ಮೂವತ್ತರ ಆಸುಪಾಸಿಗೆ ಇಳಿದಿದೆ. ಅಂದರೆ ಹೆಚ್ಚೂಕಡಿಮೆ ಪ್ರತಿ ಮಡಿಗೂ ಒಂದು ಸೊಪ್ಪಿನ ಬೆಳೆ ಹೆಚ್ಚುವರಿ. ನಮ್ಮ ಸುತ್ತಮುತ್ತ ಇಷ್ಟು ಬಿಗಿಯಾಗಿ ನೆಲ ದುಡಿಸುವವರು ಇನ್ನೊಬ್ಬರಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಸಿಂಪಡಣೆಯ ಸಾಲಿನಲ್ಲಿ ಕಂಪನಿ ಹೆಸರು ಬರೆಯುವುದು ವ್ಯರ್ಥ. ಒಳಗಿನ ಔಷಧಿಯ ಹೆಸರು, ಅದು ಕೆಲಸ ಮಾಡುವ ಬಗೆಯನ್ನು ಹೇಳುವ ಗುಂಪಿನ ಸಂಖ್ಯೆ, ಲೀಟರಿಗೆ ಎಷ್ಟು, ಕೊಯ್ಲಿಗೆ ಮುನ್ನ ಎಷ್ಟು ದಿನ ಬಿಡಬೇಕೆಂದು ಲೇಬಲ್ಲಿನಲ್ಲಿದೆ, ಈ ನಾಲ್ಕು ಬೇಕು. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಅಸಿಟಾಮಿಪ್ರಿಡ್ ಮೂರು ಬಾಟಲಿ, ಮೂರು ಬೆಲೆ, ಗುಂಪು ಮಾತ್ರ ಒಂದೇ, 4ಎ. ಬಿಳಿನೊಣಕ್ಕೆ ಔಷಧಿ ಬದಲಿಸಿ ಹೊಡೆದೆವು ಅಂದುಕೊಂಡು ಇವನ್ನೇ ಸುತ್ತಿಸಿದರೆ ಬದಲಾದದ್ದು ಬಿಲ್ಲು ಅಷ್ಟೆ. ಬಿಳಿನೊಣ ಒಗ್ಗಿಕೊಳ್ಳುತ್ತದೆ, ಅದು ಹರಡುವ ಎಲೆಮುದುರು ರೋಗ ಮುಂದುವರಿಯುತ್ತದೆ. ಒಂದೇ ಮಡಿಯ ಪುಟದಲ್ಲಿ ಒಂದೇ ಸಂಖ್ಯೆ ಬೆನ್ನುಬೆನ್ನಿಗೆ ಬರಬಾರದು, ಇದೊಂದೇ ನಿಯಮ.

ಸೊರಗಿದ ಗಿಡ ಕಿತ್ತಾಗ ಬುಡದ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ತೂಗುಬಿಡಿ. ಹಾಲಿನ ಎಳೆಯಂತೆ ಇಳಿದರೆ ದುಂಡಾಣು ಸೊರಗು, ಇಳಿಯದಿದ್ದರೆ ಬೇರೆ ಕಾರಣ. ದುಂಡಾಣುವಾದರೆ ಪುಟದ ತಲೆಗೆ ಕಪ್ಪು ಚುಕ್ಕೆ. ಆ ಮಡಿಗೆ ಮೂರು ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಯಾವುದೂ ಇಲ್ಲ. ಚುಕ್ಕೆಗಳನ್ನು ಗೋಡೆಯ ಹಾಳೆಗೆ ಏರಿಸಿದಾಗ ಎಲ್ಲವೂ ಇಳಿಜಾರಿನ ಒಂದೇ ಅಂಚಿನಲ್ಲಿ ಸಾಲುಗಟ್ಟಿದ್ದವು. ಮೇಲಿನ ಚೌಕದ ನೀರು ಹರಿದು ಹೋಗುವ ದಾರಿ ಅದು. ಒಂದು ಕಾಲುವೆ ತೋಡಿ ನೀರು ತಿರುಗಿಸಿದ್ದಕ್ಕೆ ಎರಡು ಆಳಿನ ಖರ್ಚು. ಆಮೇಲೆ ಹೊಸ ಚುಕ್ಕೆ ಒಂದೆರಡೇ.

ಮಳೆಮಾಪಕ ಕೊಳ್ಳಬೇಕಿಲ್ಲ. ತಳದಿಂದ ಬಾಯಿವರೆಗೆ ಒಂದೇ ಅಗಲದ ಡಬ್ಬಿ, ಒಳಗೆ ಸ್ಕೇಲು, ಬೆಳಗ್ಗೆ ಓದಿ ಚೆಲ್ಲುವುದು. ಒಂದು ಮಿ.ಮೀ. ಮಳೆ ಅಂದರೆ ಗುಂಟೆಗೆ 101 ಲೀಟರ್. ನನ್ನ ಮಡಿಗೆ ಹತ್ತು ಮೀಟರ್ ಲೇಟರಲ್, 40 ಸೆಂ.ಮೀ.ಗೊಂದು ಎರಡು ಲೀಟರಿನ ಡ್ರಿಪ್ಪರ್; ಇಪ್ಪತ್ತೈದು ಡ್ರಿಪ್ಪರಿಗೆ ಗಂಟೆಗೆ 50 ಲೀಟರ್, ಗುಂಟೆಗೆ 400. ಅಂದರೆ ನಾಲ್ಕು ಮಿ.ಮೀ. ಮಳೆಗೆ ಒಂದು ಗಂಟೆ ಮೋಟಾರು ಉಳಿತಾಯ. ಮಲ್ಚಿಂಗ್ ಹಾಳೆ ಇದ್ದಲ್ಲಿ ಮಳೆ ಓಣಿಗೆ ಜಾರುವುದರಿಂದ ಅರ್ಧವಷ್ಟೇ ಹಿಡಿಯುತ್ತೇನೆ. ಕರೆಂಟಿಗೆ ಬಿಲ್ಲಿಲ್ಲದಿದ್ದರೂ ಮೋಟಾರಿನ ಗಂಟೆ ಬರೆಯಬೇಕು, ಫೆಬ್ರವರಿಯಲ್ಲಿ ಬೋರ್ ಇಳಿಯುವುದು ಅಲ್ಲೇ ಮೊದಲು ಕಾಣುವುದು.

ಪುಸ್ತಕ ಇದ್ದದ್ದರಿಂದ ಆಗಿಹೋದ ಕೆಲವು ಪ್ರಯೋಗಗಳೂ ಇವೆ. ನಾಡ ಅವರೆಯನ್ನು ಜೂನ್, ಜುಲೈ, ಆಗಸ್ಟ್ ಮೂರು ಕಂತಿನಲ್ಲಿ ಹಾಕಿದರೂ ಹೂ ಬಂದದ್ದು ಹೆಚ್ಚುಕಡಿಮೆ ಒಟ್ಟಿಗೆ. ಹಗಲು ಗಿಡ್ಡವಾಗುವವರೆಗೆ ಅದು ಹೂ ಬಿಡದು. ಹಾಗಾಗಿ ಜೂನಿನ ಕಂತು ಎರಡು ತಿಂಗಳು ನೆಲ ತಿಂದಿತು ಅಷ್ಟೆ. ಹಗಲಿನ ಹಂಗಿಲ್ಲದ ಹೆಬ್ಬಾಳ ಅವರೆಗೆ ಈ ಮಾತು ಅನ್ವಯಿಸದು, ಆದರೆ ಆ ಸೊಗಡು ಅದಕ್ಕಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಬಿತ್ತನೆಯನ್ನು 98 ಗುಳಿಯ ಟ್ರೇಗಳಲ್ಲಿ ಎಣಿಸಿ ನೋಡಿದೆ. ಎರಡರ ನಡುವಿನ ವ್ಯತ್ಯಾಸಕ್ಕಿಂತ ಎರಡು ಬೀಜದ ಪೊಟ್ಟಣಗಳ ನಡುವಿನ ವ್ಯತ್ಯಾಸ ದೊಡ್ಡದಾಗಿತ್ತು. ಮಲ್ಚಿಂಗ್ ಹಾಳೆ ಗುಂಟೆಗೆ ಎಂಬತ್ತು ಮೀಟರ್, ಸುಮಾರು 450 ರೂಪಾಯಿ. ಉಳಿಸಿದ ಕಳೆ ಕೂಲಿ 600. ಅದೇ ತೂತಿನಲ್ಲಿ ಎರಡನೇ ಬೆಳೆ ತೆಗೆದರೆ ಮಾತ್ರ ಹೇಳಿಕೊಳ್ಳುವ ಲಾಭ.

ಬೀಜದ ಪೊಟ್ಟಣ ಎಸೆಯಬೇಡಿ. ಲಾಟ್ ನಂಬರು ಕಾಣುವಂತೆ ಕತ್ತರಿಸಿ, ಬಿಲ್ಲಿನ ಜೊತೆ ಆ ಮಡಿಯ ಪುಟಕ್ಕೇ ಪಿನ್ ಹೊಡೆಯಿರಿ. ಮೊಳಕೆ ಕೈಕೊಟ್ಟಾಗ ಅಂಗಡಿಯವರು ಕೇಳುವುದು ಇವೆರಡನ್ನೇ. ನನ್ನ ಪುಸ್ತಕದ ವರ್ಷ ಶುರುವಾಗುವುದು ಅಶ್ವಿನಿಗೆ, ಏಪ್ರಿಲ್ ನಡುವಿನಲ್ಲಿ, ಮಡಿಗಳು ಹೆಚ್ಚು ಖಾಲಿಯಿರುವ ಹೊತ್ತು. ಎರಡು ಪುಸ್ತಕ, ಪೆನ್ಸಿಲು, ಗೋಡೆಯ ಹಾಳೆ ಸೇರಿ ವರ್ಷಕ್ಕೆ ಮುನ್ನೂರು ರೂಪಾಯಿ ಆಗುವುದಿಲ್ಲ. ಬೇಸಿಗೆ ಕೊತ್ತಂಬರಿಯನ್ನು ಯಾವ ವಾರ ಬಿತ್ತಿದರೆ ಮದುವೆ ಕಾಲದ ರೇಟಿಗೆ ಸಿಗುತ್ತದೆ, ಆ ಬಿಸಿಲಿನಲ್ಲಿ ಅದನ್ನು ಹೇಗೆ ಮೊಳೆಸುತ್ತೇನೆ ಎಂಬ ಎರಡು ಪುಟ ಮಾತ್ರ ಯಾರಿಗೂ ತೋರಿಸಿಲ್ಲ, ಇಲ್ಲೂ ಬರೆಯುವುದಿಲ್ಲ. ಮೂರು ವರ್ಷ ಲೆಕ್ಕ ಇಟ್ಟವರಿಗೆ ಅವರ ನೆಲದ ವಾರ ಅವರ ಪುಸ್ತಕದಲ್ಲೇ ಸಿಗುತ್ತದೆ.